ಬಿಪಿ, ಶುಗರ್‌ಗೆ ಊರಲ್ಲೇ ತಪಾಸಣೆ, ಮಾತ್ರೆ: ಪಡೆಯುವುದು ಹೇಗೆ?

ನಿಮಗೆ 30 ದಾಟಿತಾ? ಹಾಗಾದರೆ ತಲೆ ಸುತ್ತಿ ಬೀಳುವವರೆಗೆ ಕಾಯಬೇಡಿ. ಬಿಪಿ, ಶುಗರ್ ಎರಡೂ ವರ್ಷಗಟ್ಟಲೆ ಸುಳಿವೇ ಕೊಡದೆ ಮೈಯಲ್ಲಿ ಇದ್ದುಬಿಡುತ್ತವೆ. 2024ರಲ್ಲಿ ಗೃಹ ಆರೋಗ್ಯ ಯೋಜನೆ ಮೊದಲು ಶುರುವಾಗಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಆರೋಗ್ಯ ಸಿಬ್ಬಂದಿ ಮನೆಗೇ ಬಂದು ನೋಡುತ್ತಾರೆ. ಅವರು ಬಂದಾಗ ನೀವು ತೋಟದಲ್ಲಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಮೊದಲು ಆಶಾ ಕಾರ್ಯಕರ್ತೆ ಒಂದು ಫಾರಂ ತುಂಬುತ್ತಾರೆ. ವಯಸ್ಸು, ಬೀಡಿ, ಹೊಗೆಸೊಪ್ಪು, ಕುಡಿತ, ಸೊಂಟದ ಸುತ್ತಳತೆ, ಅಪ್ಪ ಅಮ್ಮನಿಗೆ ಈ ಕಾಯಿಲೆ ಇತ್ತಾ ಎಂದೆಲ್ಲ ಕೇಳುತ್ತಾರೆ. ಮನೆಯವರ ಮುಂದೆ ಹೇಳಲು ಮುಜುಗರವಾದರೆ ಆಮೇಲೆ ಪಕ್ಕಕ್ಕೆ ಕರೆದು ಹೇಳಿ. ಮುಚ್ಚಿಡಬೇಡಿ.

ಬಿಪಿ ನೋಡಿಸುವ ಅರ್ಧ ಗಂಟೆ ಮುಂಚಿನಿಂದ ಕಾಫಿ, ಬೀಡಿ ಬೇಡ. ಡೈರಿಗೆ ಹಾಲು ಹಾಕಿ ಓಡಿಬಂದು ಕೈ ಚಾಚಿದರೆ ಜಾಸ್ತಿಯೇ ತೋರಿಸುತ್ತದೆ ಅಲ್ವಾ? ಐದು ನಿಮಿಷ ಬೆನ್ನು ಒರಗಿಸಿ ಕೂತುಕೊಳ್ಳಿ. ಪಾದ ನೆಲದ ಮೇಲಿರಲಿ, ಮಾತು ಬೇಡ. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಿ. ಶುಗರ್ ಪರೀಕ್ಷೆಗೆ ಎಂಟು ಗಂಟೆ ಏನೂ ತಿನ್ನದೆ ಹೋಗಬೇಕು, ನೀರು ಕುಡಿಯಬಹುದು. ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಯಲ್ಲಿ 126 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರು ಮತ್ತೊಮ್ಮೆ ಮಾಡಿಸಿ ಖಚಿತ ಮಾಡಿಕೊಳ್ಳುತ್ತಾರೆ.

ಕಾಯಿಲೆ ಇದೆ ಎಂದು ಗೊತ್ತಾದರೆ ಬಿಪಿಗೆ ಆಮ್ಲೋಡಿಪಿನ್, ಶುಗರ್‌ಗೆ ಮೆಟ್‌ಫಾರ್ಮಿನ್‌ನಂಥ ಮಾತ್ರೆಗಳನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಒಂದು ತಿಂಗಳಿಗಾಗುವಷ್ಟು ಕೇಳಿ. ಕೊಟ್ಟ ಚೀಟಿ ಜೋಪಾನ.

ನಮ್ಮ ಕಡೆಯ ಜನ ಎಡವುವುದು ಎರಡನೇ ತಿಂಗಳಲ್ಲಿ. ನಮ್ಮ ದೊಡ್ಡಪ್ಪ ಹಾಗೇ ಮಾಡಿದರು. ಬಿಪಿ ನಾರ್ಮಲ್ ಬಂತು, ಇನ್ಯಾಕೆ ಸುಮ್ನೆ ಮಾತ್ರೆ ಅಂತ ಬಿಟ್ಟರು. ಟೊಮೆಟೊ ಕೀಳುವ ಸಮಯ ಬೇರೆ, ರಾತ್ರಿಯೆಲ್ಲ ಮಾರ್ಕೆಟ್‌ನಲ್ಲಿ ಇರುತ್ತಿದ್ದರು. ಆ ವರ್ಷವೇ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಈಗ ಊಟಕ್ಕೆ ದೊಡ್ಡಮ್ಮನೇ ಮುದ್ದೆ ಮುರಿದು ಕೊಡಬೇಕು. ಬಿಪಿ ನಾರ್ಮಲ್ ಬಂದಿದ್ದೇ ಮಾತ್ರೆಯಿಂದ. ಬಿಟ್ಟರೆ ಮತ್ತೆ ಏರುತ್ತದೆ. ಹಾಗಾಗಿ ಮಾತ್ರೆ ಮುಗಿಯಲು ಐದು ದಿನ ಇರುವಾಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮಾವಿನ ಕಾಲವೋ ಜಾತ್ರೆಯೋ ಇದ್ದರೆ ಮುಂಚೆಯೇ ಆಶಾ ಕಾರ್ಯಕರ್ತೆಗೆ ಹೇಳಿಡಿ.

ಊಟದಲ್ಲೂ ಸ್ವಲ್ಪ ಬದಲಾವಣೆ ಬೇಕು. ಉಪ್ಪು ದಿನಕ್ಕೆ ಒಬ್ಬರಿಗೆ ಒಂದು ಟೀ ಚಮಚದೊಳಗೆ ಇರಲಿ. ಉಪ್ಸಾರಿನ ಖಾರ, ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲೇ ಸೇರಿತು. ರಾಗಿ ಒಳ್ಳೆಯದೇ, ಆದರೆ ಶುಗರ್ ಇರುವವರು ಎರಡು ದಪ್ಪ ಮುದ್ದೆ ಉಂಡರೆ ಶುಗರ್ ಏರಿಯೇ ಏರುತ್ತದೆ. ಮುದ್ದೆ ಚಿಕ್ಕದಾಗಲಿ, ಸೊಪ್ಪು, ಕಾಳು ಜಾಸ್ತಿಯಾಗಲಿ. ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರದ ಪರೀಕ್ಷೆಯೂ ಆಗಲಿ.

ಈಗಾಗಲೇ ಮಾತ್ರೆ ಬಿಟ್ಟು ತಿಂಗಳುಗಳೇ ಆಗಿದ್ದರೆ ಬೈತಾರೆ ಅಂತ ಹೆದರಬೇಡಿ. ಹಳೇ ಚೀಟಿ ಹಿಡಿದು ನಾಳೆಯೇ ಹೋಗಿ. ಮನೆಯಲ್ಲಿ ಉಳಿದಿರುವ ಮಾತ್ರೆ ನೀವೇ ನುಂಗಬೇಡಿ. ಹೊಸದಾಗಿ ಬಿಪಿ, ಶುಗರ್ ನೋಡಿ ಡಾಕ್ಟರೇ ಬರೆದುಕೊಡಲಿ.