ಶೇ 5ರ ದುಡ್ಡಿನಲ್ಲಿ ಊರಲ್ಲೇ ಫಿಸಿಯೋಥೆರಪಿ: ನನ್ನ ಅನುಭವ

ಪಂಚಾಯ್ತಿ ವಿಕಲಚೇತನರಿಗಾಗಿ ಮೀಸಲಿಡುವ ಶೇ 5ರ ಹಣದಲ್ಲಿ ಥೆರಪಿ ಮಾಡಿಸೋಕೆ ಆಗಲ್ಲ ಅಂತ ತಾಲ್ಲೂಕಿನ ಸಭೆಯಲ್ಲಿ ಎಲ್ಲರೂ ಹೇಳಿದ್ದರು. ಆಗುತ್ತದೆ. ನಮ್ಮಲ್ಲಿ ಎರಡನೇ ವರ್ಷ ನಡೆಯುತ್ತಿದೆ. ಮೊದಲ ವರ್ಷದ ಆಡಿಟ್ ಕೂಡ ಒಂದೂ ಆಕ್ಷೇಪಣೆ ಇಲ್ಲದೆ ಮುಗಿದಿದೆ.

ಮಾರ್ಚ್ ತಿಂಗಳ ಕಥೆ ವಿಆರ್‌ಡಬ್ಲ್ಯುಗಳಾದ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಾದ) ನಿಮಗೆ ಗೊತ್ತೇ ಇದೆ. ಕೊನೇ ವಾರ ಆ ಹಣದಲ್ಲಿ ಕುಕ್ಕರು, ಹೊದಿಕೆ ಹಂಚಿ, ಫೋಟೊ ತೆಗೆಸಿ ಖರ್ಚು ತೋರಿಸುವುದು. ನಮ್ಮಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಮಕ್ಕಳು ಆರೇಳು ಜನ ಇದ್ದಾರೆ. ಅವರಿಗೆ ಕುಕ್ಕರಿನಿಂದ ಏನಾಗಬೇಕು? ಜಿಲ್ಲಾ ಆಸ್ಪತ್ರೆಗೆ ಹೋಗಿಬಂದರೆ ತಾಯಿಯ ಕೂಲಿ ಹೋಗುತ್ತದೆ, ಆಟೊ ಬಸ್ಸಿಗೆ 500-600 ಬೇರೆ. ಒಂದೆರಡು ಸಲ ಹೋಗಿ ಬಿಟ್ಟುಬಿಡುತ್ತಾರೆ. ಆಮೇಲೆ ಕಾಲು ಬಿಗಿದುಕೊಳ್ಳುವುದನ್ನು ನಾವೇ ಕಣ್ಣಾರೆ ನೋಡುತ್ತೇವೆ ಅಲ್ವಾ.

ಮೊದಲ ಅರ್ಜಿ ವಾಪಸ್ ಬಂತು. ಸಾಮಾನು ಕೊಂಡರೆ ಬಿಲ್ ಇರುತ್ತದೆ, ಥೆರಪಿಗೆ ಏನು ತೋರಿಸಲಿ ಅಂದರು ಆಗಿನ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ). ಮರುವರ್ಷ ಠರಾವು ಆಯಿತು, ದುಡ್ಡೇ ಇಲ್ಲ. ಶೇ 5 ಸಿಗುವುದು ಪಂಚಾಯ್ತಿಯ ಸ್ವಂತ ಸಂಪನ್ಮೂಲದ ಮೇಲೆ. ತೆರಿಗೆಯೇ ಬರದಿದ್ದರೆ ಯಾವುದರಲ್ಲಿ 5? ಬರಬೇಕಾದ ತೆರಿಗೆ 16 ಲಕ್ಷದ ಹತ್ತಿರ, ವಸೂಲಿ 6 ಲಕ್ಷವೂ ದಾಟಿರಲಿಲ್ಲ. ನಮ್ಮ ಪಾಲಿಗೆ ಬಂದಿದ್ದು 30 ಸಾವಿರದೊಳಗೆ. ಅದರಲ್ಲಿ ಅರ್ಧ ಹಳೇ ಬಾಕಿ ಬಿಲ್ಲಿಗೇ ಹೋಯಿತು.

ಹಾಗಾಗಿ ಬಿಲ್ ಕಲೆಕ್ಟರ್ ಜೊತೆ ನಾನೂ ಮನೆಮನೆ ತಿರುಗಿದೆ. ಇದು ನಿನ್ನ ಕೆಲಸವಾ ಅಂತ ಕೇಳಿದವರೇ ಜಾಸ್ತಿ. ದುಡ್ಡು ಯಾವ ಮಗುವಿಗೆ ಹೋಗುತ್ತದೆ ಅಂತ ಊರವರಿಗೆ ಗೊತ್ತಾದಾಗ ರಸೀದಿ ಪುಸ್ತಕ ಖಾಲಿಯಾಗತೊಡಗಿತು. ದೊಡ್ಡ ಬಾಕಿದಾರರು ಇಬ್ಬರಿದ್ದರು. ಅವರಿಂದ ಹೇಗೆ ಕಟ್ಟಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಈ ವರ್ಷವೂ ಅದೇ ಉಪಾಯ ಬೇಕು. ವಸೂಲಿ 11 ಲಕ್ಷ ಮುಟ್ಟಿತು. ನಮ್ಮ ಪಾಲು 55 ಸಾವಿರದ ಆಸುಪಾಸು.

ಆಡಿಟ್ ಭಯಕ್ಕೆ ಮದ್ದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೇ ಇತ್ತು. 27ನೇ ಸೆಕ್ಷನ್ ಓದಿ. ಆರೋಗ್ಯ, ಶಿಕ್ಷಣ, ಉದ್ಯೋಗದ ಪುನರ್ವಸತಿ ಸೇವೆಗಳನ್ನು ಸರ್ಕಾರದ ಜೊತೆ ಸ್ಥಳೀಯ ಸಂಸ್ಥೆಗಳೂ ತಮ್ಮ ಶಕ್ತಿಗೆ ತಕ್ಕಂತೆ ನಡೆಸಬೇಕು ಅಂತಿದೆ. ಆ ಸಾಲನ್ನು ಠರಾವಿನಲ್ಲೇ ಬರೆಸಿದೆ. ವಿಕಲಚೇತನರ ವಿಶೇಷ ಗ್ರಾಮಸಭೆಯ ನಡಾವಳಿ, ಫಿಸಿಯೋಥೆರಪಿಸ್ಟ್ ಕೊಡುವ ತಿಂಗಳ ಬಿಲ್, ಪ್ರತಿ ಮಗುವಿನ ಎದುರು ಪೋಷಕರ ಸಹಿ ಇರುವ ಹಾಜರಿ ಹಾಳೆ. ಫೈಲು ಇಷ್ಟೇ. ಫಿಸಿಯೋ ತಿಂಗಳಿಗೆ ಎರಡು ಶನಿವಾರ ಬರುತ್ತಾರೆ, ಒಂದು ಭೇಟಿಗೆ 1,500. ಮೊದಲು 2,500 ಕೇಳಿದ್ದರು. ಮಕ್ಕಳೆಲ್ಲ ಒಂದೇ ಕಡೆ ಸಿಗುತ್ತಾರೆ, ಚೆಕ್ ತಡವಾಗದಂತೆ ನಾನು ನೋಡಿಕೊಳ್ಳುತ್ತೇನೆ ಅಂದಾಗ ಒಪ್ಪಿದರು. ಚೆಕ್ ಒಂದು ತಿಂಗಳೂ ತಡವಾಗಿಲ್ಲ.

ಉಳಿದ ದುಡ್ಡಲ್ಲಿ ಮಕ್ಕಳನ್ನು ಆಧಾರ ಕೊಟ್ಟು ನಿಲ್ಲಿಸುವ ಫ್ರೇಮ್ ಮಾಡಿಸಿದೆ. ಪಿವಿಸಿ ಪೈಪಿನದು 1,100ಕ್ಕೆ ಆಯಿತು, ಆದರೆ ಮಗು ಒರಗಿದ ಕೂಡಲೇ ಬಾಗುತ್ತಿತ್ತು. ಆಮೇಲೆ ಊರಿನ ಬಡಗಿ ಮರದಲ್ಲಿ ಮಾಡಿಕೊಟ್ಟರು, 2 ಸಾವಿರದೊಳಗೆ. ಬೆಲ್ಟಿಗೆ ಗ್ಯಾರೇಜಿನಿಂದ ಹಳೇ ಕಾರಿನ ಸೀಟ್‌ಬೆಲ್ಟ್ ತಂದೆ, ಗಟ್ಟಿಯಾಗಿದೆ. ಅಳತೆ ಮಾತ್ರ ಫಿಸಿಯೋ ಎದುರೇ ತೆಗೆಸಿ, ಪ್ರತಿ ಮಗುವಿಗೂ ಬೇರೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಈಗ ಅದರಲ್ಲಿ ನಿಂತುಕೊಂಡೇ ಬರೆಯುತ್ತಾಳೆ.

ಜೊತೆಗೆ ಎಲ್ಲರಿಗೂ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಮಾಡಿಸಿದೆ. ವರ್ಷಕ್ಕೆ ಒಂದು ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ಥೆರಪಿಯೂ ಸೇರುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ರಿನ್ಯೂವಲ್ ತಾರೀಖನ್ನು ನೀವೇ ಬರೆದಿಟ್ಟುಕೊಳ್ಳಿ, ಪೋಷಕರಿಗೆ ನೆನಪಿರಲ್ಲ.

ಈ ಸಲ ಕ್ರಿಯಾ ಯೋಜನೆಗೆ ತಾಯಂದಿರ ಆಟೊ ಖರ್ಚನ್ನೂ ಸೇರಿಸಿ ಅಂತ ಬರೆದುಕೊಟ್ಟಿದ್ದೇನೆ. ದೂರದ ಎರಡು ಹಳ್ಳಿಯವರು ಅದೊಂದೇ ಕಾರಣಕ್ಕೆ ತಪ್ಪಿಸಿಕೊಳ್ಳುತ್ತಿದ್ದಾರೆ. ಹೊಸ ಪಿಡಿಒ ನಿಯಮ ತೋರಿಸಿ ಅಂದಿದ್ದಾರೆ. 27ನೇ ಸೆಕ್ಷನ್‌ನ ಪ್ರತಿ ಅವರ ಮೇಜಿನ ಮೇಲಿದೆ, ವಿಶೇಷ ಗ್ರಾಮಸಭೆ ಮುಂದಿನ ತಿಂಗಳು.