ಬಕೆಟ್ಟಿಗೆ ಹಾಕುತ್ತಿದ್ದ ಕೊಬ್ಬು

ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಕಲಿಯುವಾಗ ಚರ್ಮದಡಿಯ ಕೊಬ್ಬಿನ ಬಗ್ಗೆ ನನಗೆ ಗೌರವವಿರಲಿಲ್ಲ. ಅದರಲ್ಲಿ ರಕ್ತನಾಳಗಳು ಕಡಿಮೆ, ಮೇಲೆ ಕೂರಿಸಿದ ಕಸಿ ಚರ್ಮ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಗಾಯ ಆಳವಾಗಿದ್ದರೆ ಸ್ನಾಯುವಿನ ಹೊದಿಕೆ ಕಾಣುವವರೆಗೆ ಕತ್ತರಿಸಿ ಬಕೆಟ್ಟಿಗೆ ಹಾಕುತ್ತಿದ್ದೆವು. ಗಾಯವೇನೋ ಮುಚ್ಚುತ್ತಿತ್ತು. ಆರು ತಿಂಗಳು ಕಳೆದು ಅದೇ ರೋಗಿ ಬಂದರೆ, ಕಲೆ ಸ್ನಾಯುವಿಗೆ ಅಂಟಿಕೊಂಡು ಹಲಗೆಯಂತಾಗಿರುತ್ತಿತ್ತು.

2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಇಲಿಗಳ ಅಧ್ಯಯನ ನನ್ನನ್ನು ತಡೆದು ನಿಲ್ಲಿಸಿತು. ದೊಡ್ಡ ಗಾಯದಲ್ಲಿ ಹೊಸ ಕೂದಲಿನ ಬುಡ ಮೂಡಿದ ಕಡೆ, ಕಲೆ ಕಟ್ಟುವ ಮಯೋಫೈಬ್ರೊಬ್ಲಾಸ್ಟ್ ಕೋಶಗಳೇ ಕೊಬ್ಬಿನ ಕೋಶಗಳಾಗಿ ಬದಲಾಗಿದ್ದವು. ಕೂದಲಿನ ಬುಡದಿಂದ ಹೊರಟ ಬಿಎಂಪಿ ಎಂಬ ಸಂಕೇತವೇ ಅದಕ್ಕೆ ಕಾರಣ. ಹಾಗೆಂದು ಕೊಬ್ಬು ಬರೀ ಸಾಧುವಲ್ಲ. 2020ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಇಲಿಗಳಲ್ಲೇ ತೋರಿಸಿದ್ದು ತಿರುವುಮುರುವು ಕಥೆ: ಗಾಯವಾದೊಡನೆ ಕೊಬ್ಬಿನ ಕೋಶಗಳು ತಮ್ಮ ಮೇದಸ್ಸನ್ನು ಕರಗಿಸಿ ಹೊರಬಿಟ್ಟು, ಗಾಯ ಶುಚಿಗೊಳಿಸುವ ರಕ್ಷಣಾ ಕೋಶಗಳಾದ ಮ್ಯಾಕ್ರೊಫೇಜ್‌ಗಳನ್ನು ಸೆಳೆಯುತ್ತವೆ, ಕೆಲವು ತಾವೇ ಮಯೋಫೈಬ್ರೊಬ್ಲಾಸ್ಟ್‌ಗಳಾಗುತ್ತವೆ. ಇಲಿಯ ಚರ್ಮ ನಮ್ಮದಲ್ಲ, ನಿಜ. ಆದರೂ ಬಕೆಟ್ಟಿನತ್ತ ಕೈ ಹೋಗುವಾಗ ಅಳುಕು ಶುರುವಾಯಿತು.

ಬಿಗಿದ ಕಲೆಯ ಅಡಿಗೆ ರೋಗಿಯದೇ ಕೊಬ್ಬು ತುಂಬುವ ಕಸಿಯನ್ನು ನಾನು ಮೊದಲು ಮಾಡಿದ್ದು ಬೋಂಡಾ ಅಂಗಡಿಯ ಒಬ್ಬ ಅಮ್ಮನಿಗೆ. ಕಾದ ಎಣ್ಣೆ ಚೆಲ್ಲಿ ಮುಂಗೈ ಬಿಗಿದಿತ್ತು. "ಹೊಟ್ಟೆಯದನ್ನು ಕೈಗೆ ಹಾಕುತ್ತೀರಾ ಡಾಕ್ಟರೇ? ಹಾಗಾದರೆ ಪೂರ್ತಿ ತೆಗೆದುಬಿಡಿ" ಎಂದರು. ತೆಗೆದದ್ದು ನಾಲ್ಕೇ ಸಿರಿಂಜ್. ಕೆಳಹೊಟ್ಟೆಗೆ ಅಡ್ರಿನಲಿನ್ ಬೆರೆಸಿದ ಮರಗಟ್ಟಿಸುವ ದ್ರವ ತುಂಬಿ, ಮೊಂಡು ತುದಿಯ ಕೊಳವೆಯಿಂದ ಮೆಲ್ಲಗೆ ಎಳೆದೆ. ಜೋರಾಗಿ ಎಳೆದರೆ ಕೋಶಗಳು ಒಡೆಯುತ್ತವೆ. ಸೆಂಟ್ರಿಫ್ಯೂಜ್‌ನಲ್ಲಿ ನಿಮಿಷಕ್ಕೆ 3000 ಸುತ್ತಿನಂತೆ ಮೂರು ನಿಮಿಷ ತಿರುಗಿಸಿದಾಗ ಮೇಲೆ ಎಣ್ಣೆ, ಕೆಳಗೆ ರಕ್ತ ಬೆರೆತ ನೀರು, ನಡುವೆ ಬೇಕಾದ ಹಳದಿ ಕೊಬ್ಬು. ಕಲೆಯ ಅಂಟನ್ನು ಸೂಜಿಯಿಂದ ಅಲ್ಲಲ್ಲಿ ಬಿಡಿಸಿ, ಕೊಳವೆಯನ್ನು ಹಿಂದಕ್ಕೆ ಎಳೆಯುತ್ತಾ ಹನಿಹನಿಯಾಗಿ ಬಿಟ್ಟೆ.

ತಪ್ಪಿದ್ದು ಅಲ್ಲೇ. ಒಂದು ಕಡೆ ಆಸೆಪಟ್ಟು ಜಾಸ್ತಿ ತುಂಬಿದೆ. ಹೊಸ ಕೊಬ್ಬು ಮೊದಲ ದಿನಗಳಲ್ಲಿ ಬದುಕುವುದು ಅಕ್ಕಪಕ್ಕದ ಜೀವಂತ ಅಂಗಾಂಶ ಒಸರುವ ದ್ರವದಿಂದ. ಮುದ್ದೆಯಾದರೆ ನಡುವಿನದು ಸಾಯುತ್ತದೆ. ಅಲ್ಲೊಂದು ಗಟ್ಟಿ ಗಂಟು ಉಳಿಯಿತು, ಅದರೊಳಗೆ ಎಣ್ಣೆ.

ಉಳಿದ ಜಾಗದ ಚರ್ಮವನ್ನು ನಾಲ್ಕು ತಿಂಗಳ ಬಳಿಕ ಚಿವುಟಿ ನೋಡಿದೆ. ಮಡಿಕೆಯಾಗಿ ಎದ್ದಿತು. ಎರಡನೆಯ ಸುತ್ತಿಗೆ ದಿನ ಗೊತ್ತು ಮಾಡುವಾಗ ಆ ಅಮ್ಮ ಹೊಟ್ಟೆ ಸವರಿಕೊಂಡು, "ಇನ್ನೂ ಬೇಕಾದಷ್ಟಿದೆ" ಎಂದರು.