ರೇಡಿಯಸ್ ಸರ್ವರ್ ಆರಿಸುವ ಮುನ್ನ: ಮೊದಲು ಪಾಸ್‌ವರ್ಡ್ ನೋಡಿ, ಆಮೇಲೆ ಸಾಫ್ಟ್‌ವೇರ್

ಇಡೀ ಕ್ಯಾಂಪಸ್ಸಿಗೆ ಒಂದೇ ವೈಫೈ ಪಾಸ್‌ವರ್ಡ್ ಇಟ್ಟರೆ ಅದು ಗುಟ್ಟಾಗಿ ಉಳಿಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಕೊಡಬೇಕೆಂದರೆ ಹಿಂದೆ ರೇಡಿಯಸ್ ಸರ್ವರ್, ಅಂದರೆ ಯಾರನ್ನು ನೆಟ್‌ವರ್ಕಿಗೆ ಬಿಡಬೇಕೆಂದು ತೀರ್ಮಾನಿಸುವ ಸರ್ವರ್, ಇರಲೇಬೇಕು. ಆಕ್ಸೆಸ್ ಪಾಯಿಂಟ್, ಸ್ವಿಚ್, ವಿಪಿಎನ್, ಬ್ರಾಡ್‌ಬ್ಯಾಂಡ್ ಕಂಪನಿಯ ಪಿಪಿಪಿಒಇ (ಗ್ರಾಹಕರನ್ನು ಲಾಗಿನ್ ಮಾಡಿಸುವ) ರೂಟರ್, ಎಲ್ಲವೂ ರೇಡಿಯಸ್ ಎಂಬ ಈ ಭಾಷೆ ಆಡುತ್ತವೆ. ‘ಇವರನ್ನು ಒಳಗೆ ಬಿಡಲೇ?’ ಎಂದು ಯುಡಿಪಿ ಪೋರ್ಟ್ 1812ರಲ್ಲಿ ಕೇಳುತ್ತವೆ; ಎಷ್ಟು ಹೊತ್ತು ಇದ್ದರು, ಎಷ್ಟು ಡೇಟಾ ಬಳಸಿದರು ಎಂಬ ಲೆಕ್ಕವನ್ನು 1813ಕ್ಕೆ ಕಳಿಸುತ್ತವೆ. ಹಳೆಯ ಉಪಕರಣಗಳಲ್ಲಿ ಇವು 1645 ಮತ್ತು 1646 ಆಗಿರಬಹುದು. ಫೈರ್‌ವಾಲ್ ತೆರೆಯುವಾಗ ಇದನ್ನು ನೋಡಿಕೊಳ್ಳಿ.

ಯಾವ ಸಾಫ್ಟ್‌ವೇರ್ ಎಂಬುದು ಎರಡನೆಯ ಪ್ರಶ್ನೆ. ಪಾಸ್‌ವರ್ಡ್‌ಗಳು ಈಗ ಎಲ್ಲಿವೆ, ಯಾವ ರೂಪದಲ್ಲಿವೆ ಎಂಬುದು ಮೊದಲನೆಯದು. ಇದನ್ನು ಕೇಳದೆ ಸರ್ವರ್ ಕೊಂಡವರು ಆಮೇಲೆ ಸಾಫ್ಟ್‌ವೇರನ್ನು ದೂರುತ್ತಾರೆ, ತಪ್ಪು ಅದರದ್ದಲ್ಲದಿದ್ದರೂ.

ಪಾಸ್‌ವರ್ಡ್ ಯಾವ ರೂಪದಲ್ಲಿದೆ?

ಪಾಸ್‌ವರ್ಡ್ ಪರೀಕ್ಷಿಸುವ ವಿಧಾನಗಳು ಹಲವು. ಪ್ಯಾಪ್ ವಿಧಾನದಲ್ಲಿ ಪಾಸ್‌ವರ್ಡೇ ಸರ್ವರ್‌ವರೆಗೆ ಬರುತ್ತದೆ, ಆದ್ದರಿಂದ ಡೇಟಾಬೇಸಿನಲ್ಲಿ ಯಾವ ಹ್ಯಾಶ್ (ಪಾಸ್‌ವರ್ಡಿನಿಂದ ಹುಟ್ಟಿಸಿದ, ಹಿಂದಕ್ಕೆ ತಿರುಗಿಸಲಾಗದ ಗುರುತು) ಇದ್ದರೂ ಹೋಲಿಸಿ ನೋಡಬಹುದು. ಚಾಪ್‌ಗೆ ಮೂಲ ಪಾಸ್‌ವರ್ಡೇ ಬೇಕು. ವಿಂಡೋಸ್ ಲ್ಯಾಪ್‌ಟಾಪು, ಫೋನುಗಳು ಹೆಚ್ಚಾಗಿ ಬಳಸುವ ಪೀಪ್–ಎಂಎಸ್‌ಚಾಪ್ ವಿ2ಗೆ ಮೂಲ ಪಾಸ್‌ವರ್ಡ್ ಅಥವಾ ಎನ್‌ಟಿ ಹ್ಯಾಶ್ (ವಿಂಡೋಸ್ ಇಟ್ಟುಕೊಳ್ಳುವ ಹ್ಯಾಶ್), ಇವೆರಡರಲ್ಲಿ ಒಂದು ಇರಬೇಕು.

ಕಾಲೇಜಿನ ವಿದ್ಯಾರ್ಥಿ ಪೋರ್ಟಲ್ ಪಾಸ್‌ವರ್ಡ್‌ಗಳನ್ನು ಬಿಕ್ರಿಪ್ಟ್ ಎಂಬ ಹ್ಯಾಶ್‌ನಲ್ಲಿಯೋ, ಓಪನ್‌ಎಲ್‌ಡ್ಯಾಪ್ ಎಂಬ ಬಳಕೆದಾರರ ಡೈರೆಕ್ಟರಿ ಎಸ್‌ಎಸ್‌ಎಚ್‌ಎ ಹ್ಯಾಶ್ ರೂಪದಲ್ಲಿಯೋ ಇಟ್ಟಿದೆ ಎಂದಿಟ್ಟುಕೊಳ್ಳಿ. ಆಗ ಪೀಪ್–ಎಂಎಸ್‌ಚಾಪ್ ನಡೆಯುವುದೇ ಇಲ್ಲ. ಲಕ್ಷಗಟ್ಟಲೆ ಸುರಿದು ತಂದ ಸರ್ವರ್‌ನಿಂದಲೂ ಆಗದು, ಏಕೆಂದರೆ ಬಿಕ್ರಿಪ್ಟ್‌ನಿಂದ ಎನ್‌ಟಿ ಹ್ಯಾಶ್ ಹುಟ್ಟಿಸಲು ಬರುವುದಿಲ್ಲ. ಉಳಿದಿರುವ ದಾರಿ ಮೂರು. ಒಂದು, ಟಿಟಿಎಲ್‌ಎಸ್ ಎಂಬ ಗೂಢಲಿಪಿ ಸುರಂಗದೊಳಗೆ ಪ್ಯಾಪ್ ಬಳಸುವುದು: ವಿಂಡೋಸ್ 8ರಿಂದೀಚೆಗೆ ಮತ್ತು ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಬೆಂಬಲವಿದೆ, ಐಫೋನ್‌ಗೆ ಕಾನ್ಫಿಗರೇಶನ್ ಪ್ರೊಫೈಲ್ ಹಾಕಿಕೊಟ್ಟರೆ ಒಳ್ಳೆಯದು. ಎರಡು, ಎಲ್ಲರಿಂದ ಪಾಸ್‌ವರ್ಡ್ ಬದಲಾಯಿಸಿಸಿ ಆಗ ಎನ್‌ಟಿ ಹ್ಯಾಶನ್ನೂ ಉಳಿಸಿಕೊಳ್ಳುವುದು. ಆದರೆ ಅದು ಎಂಡಿ4 ಆಧಾರದ ದುರ್ಬಲ ಹ್ಯಾಶ್, ಕದ್ದವರ ಕೈಗೆ ಸಿಕ್ಕರೆ ಮೂಲ ಪಾಸ್‌ವರ್ಡ್ ಸಿಕ್ಕಷ್ಟೇ ಅಪಾಯ. ಮೂರು, ಪಾಸ್‌ವರ್ಡನ್ನೇ ಬಿಟ್ಟು ಇಎಪಿ–ಟಿಎಲ್‌ಎಸ್ ಸರ್ಟಿಫಿಕೇಟ್‌ಗಳಿಗೆ, ಅಂದರೆ ಡಿಜಿಟಲ್ ಗುರುತಿನ ಚೀಟಿಗಳಿಗೆ, ಹೋಗುವುದು. ಇದು ಎಲ್ಲಕ್ಕಿಂತ ಗಟ್ಟಿ, ಆದರೆ ಪ್ರತಿ ಸಾಧನಕ್ಕೂ ಸರ್ಟಿಫಿಕೇಟ್ ಹಂಚುವ ವ್ಯವಸ್ಥೆ ಬೇಕು.

ವಿಂಡೋಸ್‌ನ ಬಳಕೆದಾರರ ಪಟ್ಟಿಯಾದ ಆಕ್ಟಿವ್ ಡೈರೆಕ್ಟರಿ ಇದ್ದರೆ ಈ ತಲೆನೋವಿಲ್ಲ, ಎನ್‌ಟಿ ಹ್ಯಾಶ್ ಅಲ್ಲೇ ಇರುತ್ತದೆ. ಲಿನಕ್ಸ್‌ನಿಂದ ಅದನ್ನು ಕೇಳಲು ಸಾಂಬಾ ಸಾಫ್ಟ್‌ವೇರಿನ ವಿನ್‌ಬೈಂಡ್ ಎಂಬ ಸರ್ವಿಸ್ ಬೇಕು. ರೇಡಿಯಸ್ ಸರ್ವಿಸ್ ಓಡುವ ಲಿನಕ್ಸ್ ಖಾತೆಯನ್ನು ವಿನ್‌ಬೈಂಡ್‌ನ ವಿಶೇಷ ಗುಂಪಿಗೆ ಸೇರಿಸುವುದನ್ನು ಮರೆತರೆ, ಕೈಯಿಂದ ಪರೀಕ್ಷಿಸಿದಾಗ ಸರಿ ಎನ್ನುವ ಲಾಗಿನ್ ಸರ್ವಿಸ್‌ನಿಂದ ಹೋದಾಗ ಬೀಳುತ್ತದೆ.

ಯಾರಿಗೆ ಯಾವುದು?

ಎಲ್ಲವೂ ವಿಂಡೋಸ್, ಬಳಕೆದಾರರೆಲ್ಲ ಆಕ್ಟಿವ್ ಡೈರೆಕ್ಟರಿಯಲ್ಲಿ, ನಿಯಮಗಳು ‘ಈ ಗುಂಪಿನವರಿಗೆ ಹೌದು, ಆ ಗುಂಪಿನವರಿಗೆ ಇಲ್ಲ’ ಎಂಬಷ್ಟೇ ಸರಳ. ಹಾಗಿದ್ದರೆ ವಿಂಡೋಸ್ ಸರ್ವರ್ ಜೊತೆಗೇ ಬರುವ ಎನ್‌ಪಿಎಸ್ ಎಂಬ ರೇಡಿಯಸ್ ಸರ್ವರ್ ಸಾಕು. ನಾಳೆ ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿರುವ ಅತಿಥಿಗಳ ಪಟ್ಟಿಯನ್ನೂ ಸೇರಿಸಬೇಕೆಂದರೆ ಅದು ಕೈಚೆಲ್ಲುತ್ತದೆ.

ಸಿಸ್ಕೊ ಐಎಸ್‌ಇ, ಅರುಬಾ ಕ್ಲಿಯರ್‌ಪಾಸ್ ದೊಡ್ಡ ಸಂಸ್ಥೆಗಳ ಸರಕು. ಸಾಧನ ಯಾವುದೆಂದು ಗುರುತಿಸುವುದು, ಅತಿಥಿ ಪೋರ್ಟಲ್, ಕಂಪನಿಯ ಬೆಂಬಲ ಎಲ್ಲವೂ ಇವೆ. ಲೈಸೆನ್ಸ್ ವೆಚ್ಚ ಸಾಧನಗಳ ಸಂಖ್ಯೆಯ ಜೊತೆ ಏರುತ್ತದೆ. ಸ್ವಿಚ್‌ಗೆ ಲಾಗಿನ್ ಆಗುವ ಎಂಜಿನಿಯರು ಯಾವ ಕಮಾಂಡ್ ಕೊಡಬಹುದು, ಯಾವುದು ಬೇಡ ಎಂದು ಒಂದೊಂದಾಗಿ ಹಿಡಿತದಲ್ಲಿಡಬೇಕಿದ್ದರೆ ಟ್ಯಾಕಾಕ್ಸ್ ಪ್ಲಸ್ ಎಂಬ ಬೇರೆಯೇ ಭಾಷೆ ಬೇಕು, ಅದು ಈ ಎರಡರಲ್ಲೂ ಇದೆ. ಮೈಕ್ರೋಟಿಕ್ ರೂಟರ್ ಇರುವ ಸಣ್ಣ ಹಾಸ್ಟೆಲ್‌ಗೆ ಅದರದ್ದೇ ಯೂಸರ್ ಮ್ಯಾನೇಜರ್ ಎಂಬ ರೇಡಿಯಸ್ ಸರ್ವರ್ ಸಾಕು.

ಬಗ್ಗಿಸಿದಂತೆ ಬಗ್ಗುವುದು ಬೇಕೆಂದರೆ ಫ್ರೀರೇಡಿಯಸ್. 1999ರಲ್ಲಿ ಶುರುವಾದ ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಯೋಜನೆ. ಪ್ಯಾಕೆಟ್‌ಫೆನ್ಸ್‌ನಂಥ ನೆಟ್‌ವರ್ಕ್ ಪ್ರವೇಶ ನಿಯಂತ್ರಣದ ಉತ್ಪನ್ನಗಳ ಒಳಗೆ ಓಡುವುದೂ ಇದೇ. ಎಲ್‌ಡ್ಯಾಪ್, ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್, ವೆಬ್ ಎಪಿಐ, ಪೈಥಾನ್, ಯಾವುದರಿಂದಲಾದರೂ ಬಳಕೆದಾರರನ್ನು ಹುಡುಕಿಸಬಹುದು, ಒಂದರಲ್ಲಿ ಸಿಗದಿದ್ದರೆ ಇನ್ನೊಂದಕ್ಕೆ ಹೋಗು ಎನ್ನಬಹುದು. ಬೆಲೆ ಬೇರೆ ರೂಪದಲ್ಲಿ ತೆರಬೇಕು: ಪರದೆಯ ಮೇಲೆ ಒತ್ತುವ ಬಟನ್‌ಗಳಿಲ್ಲ, ಎಲ್ಲವೂ ಪಠ್ಯ ಕಡತ. ಡಾಲೋರೇಡಿಯಸ್ ಎಂಬ ವೆಬ್ ಪುಟ ಸೇರಿಸಬಹುದು, ಆದರೆ ಅದು ಎಸ್‌ಕ್ಯುಎಲ್‌ನಲ್ಲಿರುವ ಬಳಕೆದಾರರಿಗೆ ಮಾತ್ರ. ಲಿನಕ್ಸ್ ಕಮಾಂಡ್ ಲೈನ್ ಕಂಡರೆ ಹಿಂಜರಿಯುವ ತಂಡವಾದರೆ ಇದನ್ನು ಆರಿಸಬೇಡಿ.

ಪರೀಕ್ಷೆ

ಡೆಬಿಯನ್, ಉಬುಂಟುಗಳಲ್ಲಿ ಫ್ರೀರೇಡಿಯಸ್ ಪ್ಯಾಕೇಜ್ ಜೊತೆ ಅದರ ಯುಟಿಲ್ಸ್ ಪ್ಯಾಕೇಜನ್ನೂ ಹಾಕಿ. ಸರ್ವಿಸ್ ನಿಲ್ಲಿಸಿ, ದೊಡ್ಡ ಎಕ್ಸ್ ಆಯ್ಕೆ (-X) ಸೇರಿಸಿ ಡಿಬಗ್ ಮೋಡ್‌ನಲ್ಲಿ ಓಡಿಸಿ. ಪ್ರತಿ ಹೆಜ್ಜೆಯನ್ನೂ ಅದು ಪರದೆಗೆ ಬರೆಯುತ್ತದೆ. ಇದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಆಥರೈಸ್ ಕಡತದಲ್ಲಿ ಒಬ್ಬ ಬಳಕೆದಾರನನ್ನು ಸೇರಿಸಿ, ರೇಡ್‌ಟೆಸ್ಟ್ ಎಂಬ ಪರೀಕ್ಷಾ ಕಮಾಂಡ್‌ನಿಂದ ಅದೇ ಯಂತ್ರದಲ್ಲಿ ಕೇಳಿ ನೋಡಿ. ನಂತರ ಕ್ಲೈಂಟ್ಸ್ ಕಡತಕ್ಕೆ ಆಕ್ಸೆಸ್ ಪಾಯಿಂಟಿನ ಐಪಿ ವಿಳಾಸ ಮತ್ತು ಸೀಕ್ರೆಟ್ (ಅದಕ್ಕೂ ಸರ್ವರ್‌ಗೂ ಮಾತ್ರ ಗೊತ್ತಿರುವ ಗುಟ್ಟುಪದ) ಬರೆಯಿರಿ. ಉದ್ದನೆಯ ಸೀಕ್ರೆಟ್ ಇಡಿ, ಉದಾಹರಣೆಗೆ ಕೊಟ್ಟಿರುವ ‘ಟೆಸ್ಟಿಂಗ್123’ ಅನ್ನೇ ಉಳಿಸಬೇಡಿ. ಕೊನೆಗೆ ಫೋನ್. ಒಂದು ಸಲಕ್ಕೆ ಒಂದೇ ಬದಲಾವಣೆ.

ಫೋನ್ ಪ್ರಯತ್ನಿಸಿದಾಗ ಪರದೆ ಸುಮ್ಮನಿದ್ದರೆ ಪ್ಯಾಕೆಟ್ ಬರುತ್ತಿಲ್ಲ. ಫೈರ್‌ವಾಲ್ ಅಥವಾ ಪೋರ್ಟ್ ನೋಡಿ. ‘ಅಪರಿಚಿತ ಕ್ಲೈಂಟ್’ ಎಂದರೆ ಕೇಳುತ್ತಿರುವ ಐಪಿ ನೀವು ಬರೆದದ್ದಲ್ಲ, ಬಹುಮಟ್ಟಿಗೆ ಆಕ್ಸೆಸ್ ಪಾಯಿಂಟಿನ ಬದಲು ಅವುಗಳನ್ನು ನಡೆಸುವ ಕಂಟ್ರೋಲರ್ ಕೇಳುತ್ತಿರುತ್ತದೆ. ಸರ್ವರ್ ಚಾಲೆಂಜ್ (ಮರುಪ್ರಶ್ನೆ) ಕಳಿಸಿದ ಮೇಲೆ ಫೋನ್ ಉತ್ತರಿಸದಿದ್ದರೆ ಬಹುಮಟ್ಟಿಗೆ ಅದು ಸರ್ಟಿಫಿಕೇಟನ್ನು ನಂಬುತ್ತಿಲ್ಲ. ಸರ್ವರ್ ‘ಹೌದು’ ಎಂದರೂ ಇಂಟರ್ನೆಟ್ ಬಾರದಿದ್ದರೆ ತೊಂದರೆ ಬಹುಮಟ್ಟಿಗೆ ಡಿಎಚ್‌ಸಿಪಿಯಲ್ಲಿ (ಐಪಿ ವಿಳಾಸ ಹಂಚುವ ವ್ಯವಸ್ಥೆ) ಅಥವಾ ವಿಲ್ಯಾನ್‌ನಲ್ಲಿ (ನೆಟ್‌ವರ್ಕಿನ ಬೇರೆಬೇರೆ ವಿಭಾಗ), ಪಾಸ್‌ವರ್ಡ್ ಪರೀಕ್ಷೆಯಲ್ಲಲ್ಲ.

ಜೊತೆಗೆ ಬರುವ ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ. ಫ್ರೀರೇಡಿಯಸ್‌ನ ಮಾದರಿ ಕಡತಗಳಿಂದ ಸರ್ಟಿಫಿಕೇಟ್ ತಯಾರಿಸಿದರೆ ಅವುಗಳಲ್ಲಿ ಅವಧಿ 60 ದಿನವೆಂದಿರುತ್ತದೆ. ಅದನ್ನೇ ನಂಬಿಕೊಂಡರೆ ಒಂದು ಬೆಳಿಗ್ಗೆ ಇಡೀ ಕ್ಯಾಂಪಸ್ಸಿನ ವೈಫೈ ಒಟ್ಟಿಗೇ ಕೈಕೊಡುತ್ತದೆ. ನಿಮ್ಮದೇ ಸಿಎ (ಸರ್ಟಿಫಿಕೇಟ್ ಕೊಡುವ ಮೂಲ) ಮಾಡಿಕೊಂಡು ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ‘ಸರ್ಟಿಫಿಕೇಟ್ ಪರಿಶೀಲಿಸಬೇಡ’ ಎಂಬ ಆಯ್ಕೆಯನ್ನು ಯಾರಿಗೂ ಹೇಳಿಕೊಡಬೇಡಿ: ಅದೇ ಹೆಸರಿನ ನಕಲಿ ವೈಫೈ ಹಚ್ಚಿದವರಿಗೆ ಪಾಸ್‌ವರ್ಡ್ ಕೊಟ್ಟ ಹಾಗಾಗುತ್ತದೆ, ಅದರಲ್ಲೂ ಟಿಟಿಎಲ್‌ಎಸ್–ಪ್ಯಾಪ್‌ನಲ್ಲಿ ನೇರವಾಗಿ.

ವಿಲ್ಯಾನ್ ಹಂಚುವಾಗ ಸರ್ವರ್‌ನ ಉತ್ತರದಲ್ಲಿ ಮೂರು ಗುಣಗಳು (ಆಟ್ರಿಬ್ಯೂಟ್‌ಗಳು) ಒಟ್ಟಿಗೆ ಹೋಗಬೇಕು: ಟನಲ್ ಟೈಪ್ 13, ಟನಲ್ ಮೀಡಿಯಂ ಟೈಪ್ 6, ಟನಲ್ ಪ್ರೈವೇಟ್ ಗ್ರೂಪ್ ಐಡಿಯಲ್ಲಿ ವಿಲ್ಯಾನ್ ಸಂಖ್ಯೆ. ಪೀಪ್ ಅಥವಾ ಟಿಟಿಎಲ್‌ಎಸ್‌ನಲ್ಲಿ ಒಳಸುರಂಗದಲ್ಲಿ ಬರೆದ ಉತ್ತರ ತಾನಾಗಿ ಹೊರಗೆ ಬರುವುದಿಲ್ಲ, ಬರುವಂತೆ ಸೆಟ್ಟಿಂಗ್ ಮಾಡಬೇಕು. ‘ನಿಯಮ ಸರಿಯಿದೆ, ವಿಲ್ಯಾನ್ ಬರುತ್ತಿಲ್ಲ’ ಎಂಬ ಗೋಳಿಗೆ ಹೆಚ್ಚಾಗಿ ಇದೇ ಕಾರಣ. ಬ್ರಾಡ್‌ಬ್ಯಾಂಡ್‌ನವರು ಮೈಕ್ರೋಟಿಕ್‌ಗೆ ವೇಗ ಕಳಿಸುವಾಗ ‘10ಎಂ/50ಎಂ’ ಎಂದರೆ ಮೊದಲನೆಯದು ಗ್ರಾಹಕರ ಅಪ್‌ಲೋಡ್. ತಿರುಗುಮುರುಗಾದರೆ ಫೋನ್ ಕರೆಗಳೇ ನಿಮಗೆ ತಿಳಿಸುತ್ತವೆ.

2024ರ ಜುಲೈಯಲ್ಲಿ ಬ್ಲಾಸ್ಟ್‌ರೇಡಿಯಸ್ ಎಂಬ, ಸರ್ವರ್‌ನ ಉತ್ತರವನ್ನು ನಡುದಾರಿಯಲ್ಲಿ ತಿದ್ದಲು ಬಿಡುವ ದೋಷ ಬಯಲಾಯಿತು. ಇಎಪಿ (ಪೀಪ್, ಟಿಟಿಎಲ್‌ಎಸ್, ಇಎಪಿ–ಟಿಎಲ್‌ಎಸ್) ಬಳಸುವ ವೈಫೈಗೆ ಅದರಿಂದ ಬಾಧೆಯಿಲ್ಲ. ಪ್ಯಾಪ್, ಚಾಪ್ ನೇರವಾಗಿ ಬಳಸುವ ವಿಪಿಎನ್‌ಗೆ, ಮ್ಯಾಕ್ (ಸಾಧನದ ಹಾರ್ಡ್‌ವೇರ್) ವಿಳಾಸದ ಲಾಗಿನ್‌ಗೆ ಇದೆ. ಫ್ರೀರೇಡಿಯಸ್ 3.2.5 ಅಥವಾ ಅದಕ್ಕಿಂತ ಹೊಸದು ಹಾಕಿ, ಪ್ಯಾಕೆಟನ್ನು ಯಾರೂ ತಿದ್ದಿಲ್ಲವೆಂದು ಖಾತ್ರಿಪಡಿಸುವ ಮೆಸೇಜ್ ಆಥೆಂಟಿಕೇಟರ್ ಕಡ್ಡಾಯ ಮಾಡಿ. ಸಾರ್ವಜನಿಕ ಇಂಟರ್ನೆಟ್ ದಾಟಬೇಕಾದರೆ ಟಿಎಲ್‌ಎಸ್ ಹೊದಿಕೆಯ ರ‍್ಯಾಡ್‌ಸೆಕ್, ಟಿಸಿಪಿ 2083. ಮುಂದೆ ಅರ್ನೆಟ್ (ಶಿಕ್ಷಣ ಸಂಸ್ಥೆಗಳ ಸರ್ಕಾರಿ ನೆಟ್‌ವರ್ಕ್) ಮೂಲಕ ಎಜುರೋಮ್, ಅಂದರೆ ಒಂದು ಕಾಲೇಜಿನ ಲಾಗಿನ್ ಇನ್ನೊಂದರ ವೈಫೈಗೂ ನಡೆಯುವ ಒಕ್ಕೂಟ, ಸೇರುವ ಆಲೋಚನೆಯಿದ್ದರೆ ಬಳಕೆದಾರ ಹೆಸರಿನ ಕೊನೆಗೆ ಕಾಲೇಜಿನ ಡೊಮೇನ್ ಈಗಿನಿಂದಲೇ ಇರಲಿ. ಸಾವಿರಾರು ಫೋನುಗಳಲ್ಲಿ ಆಮೇಲೆ ಬದಲಾಯಿಸಿಸುವುದು ಯಾರಿಗೂ ಬೇಡದ ಕೆಲಸ.

ಲೆಕ್ಕ ಮತ್ತು ಕರೆಂಟು

2 ಸಿಪಿಯು, 4 ಜಿಬಿ ಮೆಮೊರಿಯ ವರ್ಚುವಲ್ ಯಂತ್ರ ಸಾಧಾರಣ ಕಾಲೇಜಿಗೆ ಧಾರಾಳ. ನಿಧಾನವಾಗುವುದು ಡೇಟಾಬೇಸ್. ಅದು ಉತ್ತರಿಸಲು ಕೆಲವು ಸೆಕೆಂಡ್ ತಡಮಾಡಿದರೆ ಆಕ್ಸೆಸ್ ಪಾಯಿಂಟ್ ಅದೇ ಪ್ರಶ್ನೆಯನ್ನು ಮತ್ತೆ ಕಳಿಸುತ್ತದೆ, ಹೊರೆ ಇನ್ನೂ ಏರುತ್ತದೆ. ತಪ್ಪು ಪಾಸ್‌ವರ್ಡಿಗೆ ಮಾತ್ರ ಉತ್ತರ ಒಂದು ಸೆಕೆಂಡ್ ತಡವಾದರೆ ಗಾಬರಿ ಬೇಡ, ಅದು ಬೇಕೆಂದೇ ಇಟ್ಟ ವಿಳಂಬ.

ಕರೆಂಟು ಹೋದಾಗ ರೂಟರ್ ‘ಸೆಷನ್ ಮುಗಿಯಿತು’ ಎಂದು ಹೇಳದೆಯೇ ಆರುತ್ತದೆ. ಡೇಟಾಬೇಸಿನಲ್ಲಿ ಆ ಸೆಷನ್ ತೆರೆದೇ ಇರುತ್ತದೆ. ‘ಒಬ್ಬರಿಗೆ ಒಂದೇ ಲಾಗಿನ್’ ನಿಯಮ ಹಾಕಿದ್ದರೆ ಕರೆಂಟು ಬಂದ ಮೇಲೆ ಅವರಿಗೇ ಪ್ರವೇಶವಿಲ್ಲ. ರೂಟರ್‌ನಲ್ಲಿ 600 ಸೆಕೆಂಡಿಗೊಮ್ಮೆ ಮಧ್ಯಂತರ ಲೆಕ್ಕ ಕಳಿಸುವಂತೆ ಮಾಡಿ. 30 ನಿಮಿಷದಿಂದ ಸುದ್ದಿಯೇ ಇಲ್ಲದ ಸೆಷನ್‌ಗಳನ್ನು ಕ್ರಾನ್ (ಹೊತ್ತು ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್ ಸೌಲಭ್ಯ) ಮೂಲಕ ಮುಚ್ಚಿಸಿ. ಆದರೆ ಆ ಸಾಲುಗಳನ್ನು ಅಳಿಸಬೇಡಿ, ಮುಗಿದ ಸಮಯ ಮಾತ್ರ ತುಂಬಿ: 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದಂತೆ ಲಾಗ್‌ಗಳು 180 ದಿನ ಭಾರತದೊಳಗೇ ಇರಬೇಕು.